ಇವತ್ತು ಬೇಡ ಮಾರಾಯ್ರೆ

ಕಾಯುವ ವಿದ್ಯೆಯನ್ನು ದೀಪಾಂಜಲಿ ನಗರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಕಾಯುತ್ತೇವೆ. ಬಸ್ಸಿಗೆ ಕಾಯುತ್ತೇವೆ, ಬಸ್ಸು ಬಂದ ಮೇಲೆ ಅದರ ಹಿಂದಿನದು ಖಾಲಿ ಇರಬಹುದೆಂದು ಅದಕ್ಕೂ ಕಾಯುತ್ತೇವೆ. ಮೆಟ್ರೊಗೆ ಕಾದೆವು, 2015ರ ನವೆಂಬರಿನಲ್ಲಿ ಬಂತು. ಅದು ಮೈಸೂರು ರಸ್ತೆ ನಿಲ್ದಾಣದಿಂದ ಮುಂದಕ್ಕೆ ಕೆಂಗೇರಿ ತಲುಪಲಿ ಎಂದು 2021ರ ಆಗಸ್ಟಿನ ತನಕ ಕಾದೆವು. ಸಂಜೆ ಮಳೆ ಹಿಡಿದರೆ ಮೆಟ್ರೊ ಕಂಬದ ಬುಡದಲ್ಲಿ ಸ್ಕೂಟರ್ ನಿಲ್ಲಿಸಿ, ಪರಿಚಯವಿಲ್ಲದವರ ಜೊತೆ ಈರುಳ್ಳಿ ರೇಟು ಮಾತಾಡುತ್ತ ಎಷ್ಟು ಹೊತ್ತು ಬೇಕಾದರೂ ನಿಲ್ಲಬಲ್ಲೆವು. ಇಂಥ ಬಡಾವಣೆಯಲ್ಲಿ ಬೆಳೆದು ಬಲಿತ ನಮ್ಮ ಷಡ್ಡಕರು, ಮಲ್ಪೆಯ ಮರಳಿನ ಮೇಲೆ ಒಂದು ಒಳ್ಳೆಯ ಬೆಳಗಿಗೆ ಕಾಯಲಾರದೆ ಒದ್ದಾಡಿದರು ಎಂದರೆ ನಂಬುತ್ತೀರಾ?

ಷಡ್ಡಕರ ಪರಿಚಯ ಆಗಬೇಕು. ಐವತ್ತು ದಾಟಿದವರು, ಒಂದು ಕಚೇರಿಯಲ್ಲಿ ಸಾಹೇಬರು. ಮಂಡಿ ನೋವೆಂದು ಹೋದಾಗ ಡಾಕ್ಟರು 'ನಡೀಬೇಡಿ, ಈಜಿ' ಅಂದರು. ಅಷ್ಟೇ ಸಾಕಾಯಿತು. ವಿಜಯನಗರದ ಕಡೆಯ ಈಜುಕೊಳಕ್ಕೆ ಸೇರಿದರು. ಇಪ್ಪತ್ತೈದು ಮೀಟರಿಗೆ ಗೋಡೆ ಹಿಡಿಯುತ್ತಿದ್ದವರು ಕ್ರಮೇಣ ಗೋಡೆ ಬಿಟ್ಟು ಒಂದು ಕಿಲೋಮೀಟರ್ ತೇಲುವ ಮಟ್ಟಕ್ಕೆ ಬಂದರು. ಇಲ್ಲಿಗೆ ನಿಲ್ಲಿಸಿದ್ದರೆ ಮಂಡಿಗೂ ಕ್ಷೇಮ, ಸಂಸಾರಕ್ಕೂ ಕ್ಷೇಮ. ಆದರೆ ಅದೇ ಕೊಳದ ಯಾರೋ, ಬೆಂಗಳೂರಿನ ಹೆಂಗಸರೇ ತಂಡ ಕಟ್ಟಿಕೊಂಡು ಲಂಕೆಯಿಂದ ಧನುಷ್ಕೋಡಿಗೆ ಈಜಿ ಬಂದಿದ್ದಾರೆ ಎಂದು ಸುದ್ದಿ ಹೇಳಿಬಿಟ್ಟರು. ಷಡ್ಡಕರು ಅವತ್ತು ರಾತ್ರಿ ಊಟಕ್ಕೆ ಕೂತಾಗಲೇ ಘೋಷಿಸಿದರು: 'ನಾನೂ ಸಮುದ್ರಕ್ಕೆ ಇಳೀತೀನಿ.' ಅತ್ತಿಗೆ ಸಾರು ಬಡಿಸುತ್ತ, 'ಮೊದಲು ಅಂಗಡಿಗೆ ಇಳೀರಿ, ಮೊಸರು ಮುಗಿದಿದೆ' ಅಂದರು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ನಮ್ಮ ಬಡಾವಣೆಗೆ ಹತ್ತಿರದ ಬಯಲು ನೀರು ಎಂದರೆ ವೃಷಭಾವತಿ. ಅದರಲ್ಲಿ ಕಾಲಿಡುವ ಧೈರ್ಯ ಇಂಗ್ಲಿಷ್ ಕಾಲುವೆ ದಾಟಿದವರಿಗೂ ಇರಲಾರದು. ಮಳೆ ಜೋರಾದ ದಿನ ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ಮುಂದೆ ರಸ್ತೆಯೇ ಹೊಳೆಯಾಗುತ್ತದೆ. ರಾಜಕಾಲುವೆ ಉಕ್ಕಿ ಗುಡಿಯೊಳಕ್ಕೂ ನೀರು ನುಗ್ಗಿದ್ದುಂಟು. 'ಭಾವ, ಅಭ್ಯಾಸಕ್ಕೆ ಇಲ್ಲೇ ಇಳಿಯಬಹುದಿತ್ತಲ್ಲ, ದೇವರೂ ಎದುರಿಗಿರ್ತಾನೆ' ಎಂದು ನಾನು ಅಂದದ್ದಕ್ಕೆ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು.

ಮಾತು ಶುರುವಾದದ್ದು ವ್ಯಾಸಲೀನ್ ಡಬ್ಬಿಯ ದೆಸೆಯಿಂದ. ಉಪ್ಪುನೀರಿನಲ್ಲಿ ಕಂಕುಳು, ಕತ್ತು ಉಜ್ಜಿ ಗಾಯವಾಗದಂತೆ ಈಜುಗಾರರು ಜಿಡ್ಡು ಬಳಿದುಕೊಳ್ಳುತ್ತಾರೆ, ಅದು ನಿಜ. ಇಂಗ್ಲಿಷ್ ಕಾಲುವೆಯ ನೀರು ಬೇಸಗೆಯಲ್ಲೂ ಹದಿನೈದರಿಂದ ಹದಿನೆಂಟು ಡಿಗ್ರಿ ಆಸುಪಾಸು, ಮೈ ಮುಚ್ಚುವ ರಬ್ಬರ್ ಸೂಟು ನಿಯಮದ ಪ್ರಕಾರ ಸಲ್ಲದು, ಅದಕ್ಕೇ ಅಲ್ಲಿಗೆ ಹೋಗುವವರು ಬೇಕೆಂದೇ ಮೈ ಬೆಳೆಸಿಕೊಂಡು ಹೋಗುತ್ತಾರೆ; ಅದೂ ನಿಜ. ಷಡ್ಡಕರಿಗೆ ಈ ಎರಡನೆಯ ನಿಜ ಬಹಳ ಹಿಡಿಸಿತು. ಬಿಸಿಬೇಳೆ ಬಾತಿಗೆ ಎರಡನೇ ಸಲ ತುಪ್ಪ ಬೀಳತೊಡಗಿತು. 'ಇದು ತಿನ್ನೋದಲ್ಲ, ತಯಾರಿ' ಎನ್ನುತ್ತಿದ್ದರು. ಮಲ್ಪೆಯ ನೀರು ಜನವರಿಯಲ್ಲೂ ಇಪ್ಪತ್ತೆಂಟರ ಆಸುಪಾಸು ಬೆಚ್ಚಗಿರುತ್ತದೆ, ಅಲ್ಲಿ ಕೊಬ್ಬಿನ ಕೋಟೆ ಬೇಕಿಲ್ಲ ಎಂದು ಪತ್ತೆ ಹಚ್ಚಿದವರು ಅತ್ತಿಗೆ. ಮಾರನೇ ದಿನದಿಂದ ತುಪ್ಪದ ಡಬ್ಬ ಅಟ್ಟ ಸೇರಿತು.

ಇನ್ನು ದಿನ ಗೊತ್ತುಮಾಡುವ ಕೆಲಸ. ಇಲ್ಲಿ ನಿಜವಾದ ಜಗಳ ಹತ್ತಿತು.

ಕಡಲಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಹತ್ತಿರ ಉಬ್ಬರವಿಳಿತ ಜಾಸ್ತಿ; ಸೂರ್ಯ ಚಂದ್ರರಿಬ್ಬರೂ ಒಂದೇ ಗೆರೆಯಲ್ಲಿ ನಿಂತು ನೀರನ್ನು ಎಳೆಯುತ್ತಾರೆ. ಅರ್ಧ ಚಂದ್ರನ ಹೊತ್ತಿಗೆ ಇಬ್ಬರ ಎಳೆತ ಅಡ್ಡಡ್ಡ ಬಿದ್ದು ನೀರಿನ ಏರಿಳಿತ ಕಡಿಮೆಯಾಗುತ್ತದೆ. ಇಂಗ್ಲಿಷ್ ಕಾಲುವೆಯ ದಡದ ಡೋವರಿನಲ್ಲಿ ದೊಡ್ಡ ಉಬ್ಬರದ ದಿನ ನೀರು ಆರು ಮೀಟರಿನಷ್ಟು ಏರಿಳಿದರೆ, ಸಣ್ಣ ಉಬ್ಬರದ ದಿನ ಅದರ ಅರ್ಧದಷ್ಟು. ಏರಿಳಿತ ಕಡಿಮೆಯಾದರೆ ನೀರಿನ ಸೆಳೆತವೂ ಕಡಿಮೆ. ಅದಕ್ಕೇ ದೂರ ಈಜುವವರು ಬಹುಮಟ್ಟಿಗೆ ಆ ಸಣ್ಣ ಉಬ್ಬರದ ವಾರವನ್ನೇ ಆರಿಸಿಕೊಳ್ಳುವುದು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಅಷ್ಟಮಿ, ನವಮಿ, ದಶಮಿಯ ಸುತ್ತಮುತ್ತ.

ನಮ್ಮತ್ತೆ ಅಡುಗೆಮನೆಯಿಂದಲೇ ಕೂಗಿದರು. 'ಅಷ್ಟಮಿ ದಿನ ಹೊಸ್ತಿಲು ದಾಟಬಾರದು ಅಂತಾರೆ, ಇವರು ಸಮುದ್ರ ದಾಟ್ತಾರಂತೆ! ಅಳಿಯಂದ್ರೆ, ಹುಣ್ಣಿಮೆ ದಿನ ಹೋಗಿ, ಒಳ್ಳೇದಾಗುತ್ತೆ.'

ಹುಣ್ಣಿಮೆ ದಿನ ಹೋದರೆ ಸೆಳೆತ ಜಾಸ್ತಿ ಎಂದು ಷಡ್ಡಕರು ಚಂದ್ರ, ಸೂರ್ಯ, ಭೂಮಿಗೆ ಮೂರು ನಿಂಬೆಹಣ್ಣು ಇಟ್ಟು ವಿವರಿಸಿದರು. ಅತ್ತೆ ಮೂರನ್ನೂ ಎತ್ತಿಕೊಂಡು ಹೋಗಿ ಚಿತ್ರಾನ್ನಕ್ಕೆ ಹಿಂಡಿದರು. ನಿಜ ಹೇಳಬೇಕೆಂದರೆ ಮಲ್ಪೆಯಲ್ಲಿ ಈ ಜಗಳಕ್ಕೆ ಅಷ್ಟು ಅರ್ಥವಿಲ್ಲ. ನಮ್ಮ ಕರಾವಳಿಯಲ್ಲಿ ಏರಿಳಿತ ಎರಡು ಮೀಟರು ಮುಟ್ಟುವುದೇ ಕಷ್ಟ. ಅಲ್ಲಿ ಈಜುಗಾರನನ್ನು ಕಾಡುವುದು ಚಂದ್ರನಿಗಿಂತ ಗಾಳಿ. ಆದರೆ ಜಗಳ ಎರಡು ಶಾಸ್ತ್ರಗಳ ನಡುವೆ ಹತ್ತಿಕೊಂಡ ಮೇಲೆ ಮಲ್ಪೆಯನ್ನು ಯಾರು ಕೇಳುತ್ತಾರೆ? ಕಡೆಗೆ ಹೊರಡುವುದು ಸಪ್ತಮಿಗೆ, ಈಜುವುದು ಅಷ್ಟಮಿಯ ನಂತರ ಯಾವತ್ತಾದರೂ, ಮನೆಯಲ್ಲಿ ಮಾತ್ರ ತಿಥಿಯ ಹೆಸರೆತ್ತಬಾರದು ಎಂದು ರಾಜಿಯಾಯಿತು.

ಈ ಕಾಯುವ ಕಾಯಕದ ಕಾಶಿ ಎಂದರೆ ಡೋವರ್. ಇಂಗ್ಲೆಂಡಿನಿಂದ ಫ್ರಾನ್ಸಿಗೆ ನೇರ ಅಳತೆಯಲ್ಲಿ 33 ಕಿಲೋಮೀಟರ್ ಚಿಲ್ಲರೆ. ವರ್ಷಗಟ್ಟಲೆ ಮೊದಲೇ ದೋಣಿ ಗೊತ್ತುಮಾಡಬೇಕು. ದುಡ್ಡು ಕಟ್ಟಿದರೆ ಸಿಗುವುದು ಒಂದು ದಿನವಲ್ಲ, ಒಂದು ವಾರ. ಆ ವಾರದಲ್ಲಿ ನಿಮ್ಮ ಸರದಿ ಒಂದನೆಯದೋ ನಾಲ್ಕನೆಯದೋ. ಗಾಳಿ ಇಳಿದರೆ ಒಂದನೆಯವರು ಹೋಗುತ್ತಾರೆ. ಮಿಕ್ಕವರು ಕಿಟಕಿಯಿಂದ ಕಡಲು ನೋಡುತ್ತ ಕೂರುತ್ತಾರೆ. ಊರಾಚೆಯ ಗುಡ್ಡದಂಚಿನಲ್ಲಿ ವಾರ್ನ್ ರಿಡ್ಜ್ ಎಂಬ ತಂಗುದಾಣವಿದೆ. ಈಜುಗಾರರು ಬಂದಿಳಿದರೆ ಅವರವರ ದೇಶದ ಬಾವುಟ ಏರಿಸಿ ಸ್ವಾಗತಿಸುತ್ತಾರೆ. ಬಾವುಟಕ್ಕೂ ಗಾಳಿಗೂ ಇರುವ ಸಂಬಂಧ ನಿಮಗೆ ಗೊತ್ತೇ ಇದೆ: ಅದು ಚೆಂದವಾಗಿ ಪಟಪಟ ಹಾರುತ್ತಿದೆ ಎಂದರೆ ಅವತ್ತು ಈಜಿಲ್ಲ. ವಾರ ಪೂರ್ತಿ ಗಾಳಿ ಇಳಿಯದಿದ್ದರೆ ಕಾಲು ನೆನೆಸಿಕೊಂಡದ್ದೇ ಲಾಭವೆಂದು ವಿಮಾನ ಹತ್ತಬೇಕು.

1875ರಲ್ಲಿ ಈ ಕಾಲುವೆಯನ್ನು ಮೊದಲು ಈಜಿ ದಾಟಿದ ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಕೂಡ ಹೀಗೇ ಒಂದು ಪೆಟ್ಟು ತಿಂದವನು. ಆಗಸ್ಟ್ 12ರಂದು ಇಳಿದ. ಗಾಳಿ ಎದ್ದು ಕಡಲು ಕೆಟ್ಟಿತು, ಬಿಟ್ಟುಬಂದ. ಬಿಟ್ಟುಬಂದದ್ದೇ ಅವನ ಜಾಣತನ. 24ರಂದು ಮತ್ತೆ ಇಳಿದು, ಅಂಬಲಿ ಮೀನಿನ ಕುಟುಕು ತಿಂದು, ಸೆಳೆತದಲ್ಲಿ ಸುತ್ತಿ ಬಳಸಿ, 21 ಗಂಟೆ 45 ನಿಮಿಷಕ್ಕೆ ಫ್ರಾನ್ಸ್ ಮುಟ್ಟಿದ. ಅದೇ ಮನುಷ್ಯ 1883ರಲ್ಲಿ ನಯಾಗರದ ಸುಳಿಗೆ ಹಾರಿ ಸತ್ತ. ನಯಾಗರ ಎಷ್ಟು ದಿನ ಕಾದರೂ ತಣ್ಣಗಾಗುವ ನೀರಲ್ಲ. ಅವನಿಗೆ ಕಾಯಬೇಕಾದ ನೀರು ಯಾವುದು, ಕೈಮುಗಿದು ವಾಪಸು ಬರಬೇಕಾದ ನೀರು ಯಾವುದು ಎಂಬ ಭೇದ ಹೇಳುವವರು ಪಕ್ಕದಲ್ಲಿ ಇರಲಿಲ್ಲವೋ, ಹೇಳಿದವರ ಮಾತು ಅವನು ಕೇಳಲಿಲ್ಲವೋ.

ನಮ್ಮ ಆರತಿ ಸಾಹಾರ ಕಥೆ ಕೇಳಿದರೆ ಮೈಸೂರು ರಸ್ತೆಯವರಿಗೆ ಕಣ್ಣಲ್ಲಿ ನೀರು ಬರುತ್ತದೆ. 1959ರ ಆಗಸ್ಟ್ 27. ಹವೆ ಸರಿ, ಉಬ್ಬರ ಸರಿ, ಈಜುಗಾರ್ತಿ ಸಿದ್ಧ. ಬೆಂಗಾವಲಿನ ದೋಣಿ ಮಾತ್ರ ಲೇಟು! ಅನುಕೂಲದ ಹೊತ್ತು ಜಾರಿಹೋಗಿ, ಗಂಟೆಗಟ್ಟಲೆ ಈಜಿ, ದಡ ಇನ್ನೇನು ಸಿಕ್ಕಿತು ಎನ್ನುವಾಗ ಎದುರು ಸೆಳೆತಕ್ಕೆ ಸೋತು ಕೈಬಿಡಬೇಕಾಯಿತು. ಒಂದು ತಿಂಗಳು ಕಾದು ಸೆಪ್ಟೆಂಬರ್ 29ರಂದು ದಾಟಿದರು. ಇಂಗ್ಲಿಷ್ ಕಾಲುವೆ ದಾಟಿದ ಏಷ್ಯಾದ ಮೊದಲ ಮಹಿಳೆ, ಮರುವರ್ಷ ಪದ್ಮಶ್ರೀ. ಹವೆ, ನೀರು, ಮನುಷ್ಯ ಮೂರೂ ಒಟ್ಟಿಗೆ ಕೂಡಿಬರುವುದು ಮದುವೆ ಮುಹೂರ್ತಕ್ಕಿಂತ ಕಷ್ಟ. ಅದೂ ದೋಣಿಯವನು ಬಂದರೆ.

ದೋಣಿಯವನ ಮಾತು ಬಂದದ್ದಕ್ಕೆ ಇನ್ನೊಂದು ನೆನಪಾಯಿತು. ಈಜಿನದಲ್ಲ, ಹಡಗಿನದು, ಆದರೆ ನಮ್ಮ ಕರಾವಳಿಯದು. ವಾಸ್ಕೋ ಡ ಗಾಮ 1498ರ ಏಪ್ರಿಲಿನಲ್ಲಿ ಆಫ್ರಿಕದ ಮಾಲಿಂದಿಯಿಂದ, ಅಲ್ಲಿನ ದೊರೆ ಕೊಟ್ಟ ದಾರಿಬಲ್ಲ ನಾವಿಕನನ್ನು ಕೂರಿಸಿಕೊಂಡು ಹೊರಟ. ಮುಂಗಾರು ಗಾಳಿ ಬೆನ್ನ ಹಿಂದೆ. ಮೂರು ವಾರ ಚಿಲ್ಲರೆಯಲ್ಲಿ ಮಲಬಾರಿನ ದಡ ಕಂಡಿತು. ವಾಪಸು ಹೋಗುವಾಗ ಗಾಳಿ ತಿರುಗುವ ತನಕ ಕಾಯುವ ವ್ಯವಧಾನ ಇರಲಿಲ್ಲ. ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ಸ್ವಲ್ಪ ದಿನ ತಂಗಿ, ಅಕ್ಟೋಬರ್ ಮೊದಲಿಗೇ ಹೊರಟುಬಿಟ್ಟ. ಅದೇ ಕಡಲು, ಅದೇ ದೂರ, ಮೂರು ತಿಂಗಳು ಹಿಡಿಯಿತು. ಜನ ಒಸಡು ಕೊಳೆತು ಸತ್ತರು. ಇನ್ನು ಸ್ವಲ್ಪ ದಿನ ಕಾದಿದ್ದರೆ ಹಿಂಗಾರು ತಾನಾಗಿ ತಳ್ಳಿಕೊಂಡು ಹೋಗುತ್ತಿತ್ತು. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಇವನೇ ಬಂದಿಳಿದ ಎಂದು ಪ್ರವಾಸಿಗರಿಗೆ ಕಥೆ ಹೇಳುತ್ತಾರೆ. ಇಳಿದನೋ ಬಿಟ್ಟನೋ. ಆ ದ್ವೀಪದಿಂದ ಮಲ್ಪೆಗೆ ಈಜುವುದು ನಮ್ಮ ಷಡ್ಡಕರ ಸಂಕಲ್ಪ.

ಮಲ್ಪೆಯ ನೀರು ಇಂಥ ಸಂಕಲ್ಪದವರಿಗೆ ಹೊಸದಲ್ಲ. ಗೋಪಾಲ ಖಾರ್ವಿಯವರು 2013ರಲ್ಲಿ ಕೈಗೆ ಕೋಳ, ಕಾಲಿಗೆ ಸರಪಳಿ ಹಾಕಿಸಿಕೊಂಡು ಮೂರು ಕಿಲೋಮೀಟರಿಗೂ ಹೆಚ್ಚು ಈಜಿ ಗಿನ್ನೆಸ್ ಪುಸ್ತಕ ಸೇರಿದ್ದು ಈ ಕಡಲಲ್ಲೇ. ಉಡುಪಿಯ ಗಂಗಾಧರ ಕಡೆಕಾರ್ ಅವರು ಅರವತ್ತು ದಾಟಿದ ಮೇಲೆ ಕಾಲು ಬಿಗಿದುಕೊಂಡು ಪದ್ಮಾಸನದಲ್ಲಿ ಕಿಲೋಮೀಟರಿಗೂ ಹೆಚ್ಚು ಈಜಿದ್ದು ಜನವರಿ ತಿಂಗಳಲ್ಲಿ. ಜನವರಿ ಎಂಬುದನ್ನು ಗಮನಿಸಿ. ಕೈಕಾಲು ಕಟ್ಟಿಕೊಂಡು ಇಳಿಯುವವರೂ ಹವೆಯ ವಿಷಯದಲ್ಲಿ ಹುಡುಗಾಟ ಆಡುವುದಿಲ್ಲ. ಕಡಲು ಬಲ್ಲ ಮೊಗವೀರರನ್ನೇ ನೋಡಿ. ಯಂತ್ರದ ದೋಣಿಗಳು ಜೂನ್ ಮೊದಲ ತಾರೀಖಿನಿಂದ ಜುಲೈ ಕೊನೆಯ ತನಕ ದಡದಲ್ಲೇ. ಅದು ಸರ್ಕಾರದ ಕಟ್ಟಳೆ. ಅದರಾಚೆಗೆ ನೂಲ ಹುಣ್ಣಿಮೆಗೆ ಕಡಲಿಗೆ ಹಾಲು ಸುರಿದು ತೆಂಗಿನಕಾಯಿ ಒಪ್ಪಿಸಿ ಪೂಜೆ ಮಾಡುತ್ತಾರೆ. ಅದು ಅವರವರ ನಂಬಿಕೆ. ಹೊಟ್ಟೆಪಾಡಿನವರೇ ತಿಂಗಳುಗಟ್ಟಲೆ ಕಾಯುವ ಕಡಲಿಗೆ ಬೆಂಗಳೂರಿನ ಹವ್ಯಾಸದವರು ಶುಕ್ರವಾರ ರಾತ್ರಿ ಬಸ್ಸು ಹತ್ತಿ ಬಂದು, ಶನಿವಾರ ಬೆಳಿಗ್ಗೆಯೇ ಇಳಿಯಬೇಕು, ಸೋಮವಾರ ಆಫೀಸು ಅನ್ನುತ್ತಾರೆ.

ಮಲ್ಪೆಯಲ್ಲಿ ಮೊದಲ ಬೆಳಗು ಷಡ್ಡಕರು ಟೋಪಿ, ಕನ್ನಡಕ, ವ್ಯಾಸಲೀನ್ ಸಮೇತ ಸಿದ್ಧ. ನಾವು ಗೊತ್ತುಮಾಡಿದ್ದ ದೋಣಿಯವರು ಕಿವಿ ಮೇಲಿನ ಬೀಡಿ ತೆಗೆದು, ಕಡಲ ಕಡೆ ನೋಡಿ, ಮತ್ತೆ ಬೀಡಿಯನ್ನು ಕಿವಿಗೇ ಸಿಕ್ಕಿಸಿದರು. 'ಇವತ್ತು ಬೇಡ ಮಾರಾಯ್ರೆ. ನಾಳೆ ನೋಡುವ.'

'ಯಾಕ್ರೀ? ಆಕಾಶ ಕನ್ನಡಿ ಥರ ಇದೆ!'

'ಆಕಾಶ ಉಂಟು. ನೀರು ಸರಿ ಇಲ್ಲ.'

ಷಡ್ಡಕರು ಮೊಬೈಲ್ ತೆಗೆದು ಗಾಳಿಯ ಆ್ಯಪು ತೋರಿಸಿದರು. ಅದರಲ್ಲಿ ಹಸಿರು ಬಾಣಗಳು ಮಂದವಾಗಿ ಹರಿಯುತ್ತಿದ್ದವು. ದೋಣಿಯವರು ಗೌರವದಿಂದಲೇ ನೋಡಿದರು, ಮದುವೆ ಆಲ್ಬಮ್ಮು ನೋಡುವಂತೆ ಎರಡು ಸಲ 'ಹೌದಾ, ಹೌದಾ' ಅಂದರು, ಬಲೆ ರಿಪೇರಿಗೆ ಹೋದರು. ಆಮೇಲೆ ಗೊತ್ತಾಯಿತು, ಎಲ್ಲೋ ದಕ್ಷಿಣದ ದೂರದ ಸಾಗರದಲ್ಲಿ ಎದ್ದ ಗಾಳಿಯ ಅಲೆ ಸಾವಿರಾರು ಕಿಲೋಮೀಟರ್ ಉರುಳಿ ಬಂದು ನಮ್ಮ ದಡಕ್ಕೆ ಬಡಿಯುವುದುಂಟು. ಇಲ್ಲಿ ಒಂದೆಲೆ ಅಲ್ಲಾಡದಿದ್ದರೂ ನೀರು ಮಾತ್ರ ಎದ್ದು ಕೂತಿರುತ್ತದೆ. ಕೇರಳದ ಕಡೆಯವರು ಅದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಅದರ ಮುನ್ನೆಚ್ಚರಿಕೆ ಕೊಡುವ ಇನ್‌ಕಾಯ್ಸ್ ಎಂಬ ಸರ್ಕಾರಿ ಸಂಸ್ಥೆ ಇರುವುದು ಎಲ್ಲಿ ಗೊತ್ತೇ? ಹೈದರಾಬಾದಿನಲ್ಲಿ. ಕಡಲಿಲ್ಲದ ಊರಲ್ಲಿ ಕೂತು ಕಡಲ ಮಾತಾಡುವುದು ದೀಪಾಂಜಲಿ ನಗರದವರ ಚಾಳಿ ಮಾತ್ರ ಅಲ್ಲ. ವ್ಯತ್ಯಾಸ ಇಷ್ಟೇ, ಅವರು ಹೇಳುವುದು ಸರಿಯಾಗಿರುತ್ತದೆ.

ಮರುದಿನ ಏಳುವುದೇ ತಡವಾಯಿತು. ಹನ್ನೊಂದು ಗಂಟೆಗೆ ದಡಕ್ಕೆ ಹೋದರೆ ದೋಣಿಯವರು ನಕ್ಕರು. ರಾತ್ರಿಯೆಲ್ಲ ನೆಲದಿಂದ ಕಡಲಿಗೆ ಬೀಸಿದ ತೆಳುಗಾಳಿ ಬೆಳಿಗ್ಗೆ ಸತ್ತಿರುತ್ತದೆ. ಆಗ ನೀರು ತಟ್ಟೆಯಂತೆ. ಬಿಸಿಲೇರಿದಂತೆ ನೆಲ ಬೇಗ ಕಾಯುತ್ತದೆ, ಕಡಲು ನಿಧಾನ; ಮಧ್ಯಾಹ್ನದ ಹೊತ್ತಿಗೆ ಗಾಳಿ ಕಡಲಿಂದ ನೆಲಕ್ಕೆ ತಿರುಗಿ ಅಲೆಗೆ ತಲೆ ಬರುತ್ತದೆ. ಕೆಲಸ ಮುಗಿಸುವುದಿದ್ದರೆ ಹತ್ತರೊಳಗೆ. 'ಇವತ್ತೂ ಬೇಡ ಮಾರಾಯ್ರೆ.'

ಆಗ ಷಡ್ಡಕರ ಒಳಗಿದ್ದ ಬೆಂಗಳೂರಿಗ ಎದ್ದ. ಒಂದಿಷ್ಟು ಜಾಸ್ತಿ ಕೊಡ್ತೀನಿ ಅಂದರು. ಆಗಲಿಲ್ಲ. ಮೀನುಗಾರಿಕೆ ಇಲಾಖೆಯಲ್ಲಿ ನಮ್ಮೋರೊಬ್ಬರಿದ್ದಾರೆ, ಒಂದು ಫೋನ್ ಹೊಡೆಸಲೇ ಅಂದರು. ದೋಣಿಯವರು, 'ಹೊಡೆಸಿ, ಅವರು ಗಾಳಿಗೆ ಹೇಳ್ತಾರಾ?' ಅಂದರು. ಮನೆ ಸೈಟಿಗೆ, ಸ್ಕೂಲ್ ಸೀಟಿಗೆ, ತಿರುಪತಿ ದರ್ಶನಕ್ಕೆ ವಶೀಲಿ ಹಚ್ಚಿ ಗೆದ್ದ ಮನುಷ್ಯನಿಗೆ ವಶೀಲಿಯೇ ನಡೆಯದ ಕೌಂಟರು ಒಂದಿದೆ ಎಂದು ಅರಗಿಸಿಕೊಳ್ಳುವುದು ಕಷ್ಟವಾಯಿತು. ಮಿಹಿರ್ ಸೇನ್ 1966ರ ಏಪ್ರಿಲಿನಲ್ಲಿ ಲಂಕೆಗೂ ನಮಗೂ ನಡುವಿನ ಪಾಕ್ ಜಲಸಂಧಿ ಈಜಿದಾಗ ನೌಕಾಪಡೆಯೇ ಬೆಂಗಾವಲಿಗಿತ್ತು. ಅದಕ್ಕಿಂತ ದೊಡ್ಡ ವಶೀಲಿ ಉಂಟೇ? ಆದರೂ ಹಿಡಿದದ್ದು 25 ಗಂಟೆ 36 ನಿಮಿಷ. ಎರಡು ಮಾನ್ಸೂನಿನ ನಡುವೆ ಆ ಕಡಲು ತುಸು ತಣ್ಣಗಿರುವುದು ಮಾರ್ಚಿ-ಏಪ್ರಿಲಿನಲ್ಲಿ. ಇಂದಿಗೂ ಬಹುಪಾಲು ಈಜುಗಾರರು ಅಲ್ಲಿಗೆ ಹೋಗುವುದು ಆ ಹೊತ್ತಿನಲ್ಲೇ.

ಅಲ್ಲ, ಆ ಜಾಗದಲ್ಲಿ ಶ್ರೀರಾಮನೇ ಕಾದಿದ್ದಾನಲ್ಲ! ಮಳೆಗಾಲ ಮುಗಿಯಲಿ ಎಂದು ಮೊದಲು ನಮ್ಮ ಹಂಪಿಯ ಕಡೆಯ ಗುಡ್ಡದಲ್ಲಿ ನಾಲ್ಕು ತಿಂಗಳು. ಆಮೇಲೆ ಕಡಲತಡಿಯಲ್ಲಿ ದರ್ಭೆ ಹಾಸಿಕೊಂಡು ಸಮುದ್ರರಾಜ ದಾರಿ ಬಿಡಲಿ ಎಂದು ಮೂರು ದಿನ. ಬಿಡಲಿಲ್ಲ. ಬಾಣ ಹೂಡಿದ ಮೇಲೆ ಸಮುದ್ರರಾಜ ಬಂದನಲ್ಲ ಎಂದು ಷಡ್ಡಕರು ವಾದಿಸಿದರು. ಬಂದ, ನಿಜ. ಬಂದು, 'ಸೇತುವೆ ಕಟ್ಟಿಕೊಳ್ಳಿ' ಅಂದ. ಈಜಿ ಹೋಗಿ ಅನ್ನಲಿಲ್ಲ.

ಕಡೆಗೊಂದು ಬೆಳಗು ಕತ್ತಲಿರುವಾಗಲೇ ಫೋನ್ ಬಂತು. 'ಬನ್ನಿ. ಇವತ್ತು ಆಗ್ತದೆ.' ದ್ವೀಪದ ಕಪ್ಪು ಕಂಬಗಲ್ಲುಗಳ ಪಕ್ಕ ಷಡ್ಡಕರು ನೀರಿಗಿಳಿದರು. ಒಳ್ಳೆಯ ಲಯದಲ್ಲೇ ಈಜುತ್ತಿದ್ದರು, ಹೇಳದಿದ್ದರೆ ಪಾಪ ತಟ್ಟೀತು. ಅರ್ಧ ದಾರಿಯ ಸುಮಾರಿಗೆ ಏನೋ ಮೆತ್ತಗೆ ಕಾಲಿಗೆ ತಗಲಿತು. ಅಂಬಲಿ ಮೀನೋ, ತೇಲಿಬಂದ ಪ್ಲಾಸ್ಟಿಕ್ ಚೀಲವೋ ಇವತ್ತಿಗೂ ಇತ್ಯರ್ಥವಾಗಿಲ್ಲ. ಷಡ್ಡಕರು ಕೂಗಿದ್ದು ಮಲ್ಪೆ ಬಂದರಿಗೂ ಕೇಳಿಸಿರಬೇಕು. ಮರುಕ್ಷಣ ದೋಣಿಯ ಅಂಚು ಅವರ ಕೈಯಲ್ಲಿತ್ತು.

ನಿಯಮ ಕಟುವಾದದ್ದು: ದೋಣಿ ಮುಟ್ಟಿದರೆ ಈಜು ಮುಗಿಯಿತು. ಷಡ್ಡಕರು ಒಪ್ಪುತ್ತಿಲ್ಲ. ಹನುಮಂತ ಲಂಕೆಗೆ ಹಾರುವಾಗ ಮೈನಾಕ ಪರ್ವತ ಎದ್ದು ಬಂದು 'ಸ್ವಲ್ಪ ಸುಧಾರಿಸಿಕೊಂಡು ಹೋಗು' ಅಂದನಲ್ಲ, ಆಗ ಅವನೂ ಕೈಯಿಂದ ಒಮ್ಮೆ ಮುಟ್ಟಿ ಮುಂದೆ ಹೋಗಲಿಲ್ಲವೇ? ಅವನ ಲಂಘನ ರದ್ದಾಯಿತೇ? ಎಂದು ಕೇಳುತ್ತಾರೆ. ವಾದ ಗಟ್ಟಿಯಾಗಿಯೇ ಇದೆ. ಆದರೆ ಹನುಮಂತನ ಕೇಸು ಬೇರೆ. ಹವಾಮಾನ ಇಲಾಖೆ ಅವನಪ್ಪನ ಕೈಯಲ್ಲಿತ್ತು. ಷಡ್ಡಕರಿಗೆ ಅಂಥ ಅನುಕೂಲ ಇಲ್ಲ. ಮೇಲಾಗಿ ಹನುಮಂತ ಮುಟ್ಟಿ ಬಿಟ್ಟ. ಇವರು ಮುಟ್ಟಿದವರು ಬಿಡಲೇ ಇಲ್ಲ, ದಡದ ತನಕ ದೋಣಿಯಲ್ಲೇ ಕೂತು ಬಂದರು. ಅತ್ತೆಯ ತೀರ್ಪು ಬೇರೆ: 'ನಾನು ಮೊದಲೇ ಹೇಳಿದ್ದೆ, ಅಷ್ಟಮಿ ಬೇಡ ಅಂತ.' ಅವತ್ತು ದಶಮಿ ಎಂದು ಹೇಳುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ.

ನನಗೆ ಈ ಇಡೀ ಪ್ರಕರಣದಲ್ಲಿ ಮೆಚ್ಚುಗೆಯಾದದ್ದು ದೋಣಿಯವರೊಬ್ಬರೇ. ಬೇಡ ಅಂದ ದಿನ ಅವರಿಗೂ ಬಾಡಿಗೆ ಇಲ್ಲ. ಹ್ಞೂಂ ಅಂದಿದ್ದರೆ ಕೈಗೆ ದುಡ್ಡು ಬರುತ್ತಿತ್ತು. ಆದರೂ ಬೇಡ ಅಂದರು. ಇಂಗ್ಲಿಷ್ ಕಾಲುವೆಯ ಈಜಿನ ದಾಖಲೆಗಳಲ್ಲಿ ಈಜುಗಾರರ ಹೆಸರಿನ ಜೊತೆಗೆ ದೋಣಿಯ ಹೆಸರು, ಅದನ್ನು ನಡೆಸಿದವರ ಹೆಸರೂ ನಮೂದಾಗುತ್ತದೆ. ನಮ್ಮಲ್ಲಿ ಕಡಲ ಈಜು ಮುಗಿದ ಮೇಲೆ ದಡದಲ್ಲಿ ಶಾಲು, ಹಾರ, ಫೋಟೋ ನಡೆಯುವಾಗ ದೋಣಿಯವರು ಆಚೆ ಲಂಗರು ಬಿಗಿಯುತ್ತಿರುತ್ತಾರೆ. ಇನ್ನು ಮುಂದೆ ಸನ್ಮಾನ ಏರ್ಪಡಿಸುವ ಮಹನೀಯರು ದಯವಿಟ್ಟು ಒಂದು ಶಾಲು ಹೆಚ್ಚಿಗೆ ತನ್ನಿ, ಬೋರ್ಡಿನಲ್ಲಿ ಅವರ ಹೆಸರನ್ನೂ ಬರೆಸಿ. ಷಡ್ಡಕರ ಹೆಸರು ಬರೆಸಲು ಇನ್ನೂ ಸ್ವಲ್ಪ ಕಾಯಬಹುದು.